ಆ ಫೋಟೋದಲ್ಲಿ ಕಾಣದೇ ಇರೋದು: ನನ್ನ ಮಿಲಿಟರಿ ಟ್ರೇಲರ್ ಕಥೆ

ಇವತ್ತು ಗೆಸ್ಟ್ ಯಾರೂ ಇಲ್ಲ, ನಾನೊಬ್ಬನೇ. ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ರೆ ಆರಾಮಾಗಿ ಕೇಳಿ. ಆದ್ರೆ ನಿಮ್ಮಲ್ಲಿ ಒಬ್ಬರಿಗೆ ಮಾತ್ರ ಈ ಎಪಿಸೋಡ್ ಸ್ವಲ್ಪ ಅರ್ಜೆಂಟ್. ಯಾಕೆ ಅಂತ ಹೇಳ್ತೀನಿ.

ಹೋದ ತಿಂಗಳು ಒಂದು ಫೋಟೋ ಹಾಕಿದ್ದೆ. ಕಾಫಿ ತೋಟ, ಮಂಜು, ನನ್ನ ಹಳೇ ಬೊಲೆರೊ, ಅದರ ಹಿಂದೆ ಒಂದು ಮಿಲಿಟರಿ ಟ್ರೇಲರ್, ಮೇಲೆ ಟಾರ್ಪಾಲಿನ್, ಪಕ್ಕದಲ್ಲಿ ಟೆಂಟು. ಅದರ ಕೆಳಗೆ ಬಂದ ಪ್ರಶ್ನೆ ಎರಡೇ: 'ಬ್ರೋ, ಎಷ್ಟಕ್ಕೆ ಬಿತ್ತು?', 'ಬ್ರೋ, ಎಲ್ಲಿ ಸಿಗುತ್ತೆ?' ನಾನೂ ಉತ್ಸಾಹದಲ್ಲಿ '46 ಸಾವಿರ' ಅಂತ ಉತ್ತರ ಕೊಟ್ಟೆ. ಮೊನ್ನೆ ಒಬ್ಬ ಕೇಳುಗರು ಮೆಸೇಜ್ ಮಾಡಿದ್ರು, 'ನಿಮ್ಮ ಫೋಟೋ ನೋಡಿ ನಾನೂ ಒಂದಕ್ಕೆ 10 ಸಾವಿರ ಅಡ್ವಾನ್ಸ್ ಕೊಟ್ಟುಬಿಟ್ಟೆ' ಅಂತ.

ಅದನ್ನ ಓದಿದಾಗ ನನಗೆ ನಿಜವಾಗ್ಲೂ ಹೊಟ್ಟೆಯಲ್ಲಿ ಏನೋ ಆಯ್ತು. ಯಾಕಂದ್ರೆ ಆ ಟ್ರೇಲರ್ ಇಲ್ಲೀವರೆಗೆ ಸರ್ಕಾರಿ ರಸ್ತೆ ಮೇಲೆ ಒಂದು ಕಿಲೋಮೀಟರ್ ಕೂಡ ಓಡಿಲ್ಲ. ಫೋಟೋದಲ್ಲಿರೋದು ನನ್ನ ಸೋದರಮಾವನ ತೋಟ, ಸಕಲೇಶಪುರದ ಹತ್ತಿರ. ಅಲ್ಲಿಗೆ ಟ್ರೇಲರ್ ಬಂದಿದ್ದು ಬೊಲೆರೊ ಹಿಂದೆ ಅಲ್ಲ, ಬಾಡಿಗೆ ಗೂಡ್ಸ್ ಗಾಡಿ ಮೇಲೆ. 7,500 ರೂಪಾಯಿ ಬಾಡಿಗೆ. ಗಾಡಿ ಹಿಂದೆ ಎಳ್ಕೊಂಡು ಹೋಗೋಕೆ ಅಂತ ತಗೊಂಡಿದ್ದು, ತಾನೇ ಇನ್ನೊಂದು ಗಾಡಿ ಹತ್ಕೊಂಡು ಬಂತು.

ಮೊದಲಿಂದ ಹೇಳ್ತೀನಿ.

ಸೇನೆ ತನಗೆ ಬೇಡವಾದ ವಾಹನಗಳನ್ನ ಹರಾಜು ಹಾಕುತ್ತೆ. ಕೇಂದ್ರ ಸರ್ಕಾರದ್ದೇ ಕಂಪನಿ ಎಂಎಸ್‌ಟಿಸಿಯ ವೆಬ್‌ಸೈಟಲ್ಲಿ ಇಂಥ ಇ-ಹರಾಜು ನಡೆಯುತ್ತೆ. 'ಇರೋ ಜಾಗದಲ್ಲಿ, ಇರೋ ಸ್ಥಿತಿಯಲ್ಲಿ' ಅನ್ನೋದು ಷರತ್ತು. ತಗೊಂಡ ಮೇಲೆ ಅದು ಹೀಗಿದೆ, ಹಾಗಿದೆ ಅಂತ ದೂರೋ ಹಾಗಿಲ್ಲ. ಮುಂಗಡ ಠೇವಣಿ ಇಡ್ಬೇಕು, ಮೇಲೆ ಜಿಎಸ್‌ಟಿ, ಗುಜರಿ ಅಂತಾದ್ರೆ ಟಿಸಿಎಸ್ಸು. ಮುಖ್ಯವಾಗಿ, ಮಾಲು ಲಾಟ್ ಲೆಕ್ಕದಲ್ಲಿ ಹೋಗುತ್ತೆ. ನಿಮಗೆ ಒಂದು ಟ್ರೇಲರ್ ಸಾಕು ಅಂದ್ರೂ ಅದರ ಜೊತೆ ಏನೇನೋ ಕಬ್ಬಿಣ ತಗೋಬೇಕಾಗಬಹುದು. ಹಾಗಾಗಿ ನಮ್ಮಂಥವರಿಗೆ ಮಾಲು ಸಿಗೋದು ಲಾಟ್ ಎತ್ತಿದ ವ್ಯಾಪಾರಿ ಹತ್ತಿರ. ದೆಹಲಿಯ ಮಾಯಾಪುರಿ, ಹರಿಯಾಣದ ಡಬ್ವಾಲಿ ಕಡೆ ಇದೇ ದೊಡ್ಡ ಉದ್ಯಮ. ನಮ್ಮ ಕಡೆ ಅಲ್ಲಲ್ಲಿ ಒಬ್ಬೊಬ್ಬರು. ನಾನು ತಗೊಂಡಿದ್ದು ಅಂಥ ಒಬ್ಬರ ಹತ್ತಿರ. ಹೆಸರು ಬೇಡ.

ನಾನು ಬಿ.ಕಾಂ ಓದಿದವನು. ಐದು ವರ್ಷ ಬೇರೆಯವರ ಬಿಲ್ಲುಗಳನ್ನ ಎಕ್ಸೆಲ್ಲಲ್ಲಿ ತುಂಬಿದವನು. ಆದ್ರೂ ಆ ಟ್ರೇಲರ್ ನೋಡಿದ ತಕ್ಷಣ ತಲೆಯಲ್ಲಿದ್ದ ಅಕೌಂಟ್ಸ್ ಎಲ್ಲಾ ಖಾಲಿ. ಒಂದು ಉಕ್ಕಿನ ತೊಟ್ಟಿ, ಎರಡು ಚಕ್ರ, ಪಟ್ಟಾ ಸ್ಪ್ರಿಂಗು, ಮುಂದೆ ಕೈಬಳೆಯಷ್ಟು ಅಗಲದ ದಪ್ಪ ಉಂಗುರ. ಮುಗೀತು, ಇನ್ನೇನೂ ಇಲ್ಲ. ನನಗೆ ಇಷ್ಟ ಆಗಿದ್ದೇ ಅದು.

ಈ ರೂಪಕ್ಕೆ ಒಂದು ಹಿಂದಿನ ಕಥೆ ಇದೆ, ಚಿಕ್ಕದಾಗಿ ಹೇಳ್ತೀನಿ. 1940ರಲ್ಲಿ ಅಮೆರಿಕದ ಸೇನೆಗೆ ಮೊಟ್ಟಮೊದಲ ಜೀಪ್ ಮಾಡಿಕೊಟ್ಟಿದ್ದು ವಿಲ್ಲೀಸ್ ಅಲ್ಲ, ಫೋರ್ಡೂ ಅಲ್ಲ. ಪೆನ್ಸಿಲ್ವೇನಿಯಾದ ಬಟ್ಲರ್ ಅನ್ನೋ ಊರಿನ ಬ್ಯಾಂಟಮ್ ಅನ್ನೋ ಪುಟ್ಟ ಕಂಪನಿ. ಆದ್ರೆ ದೊಡ್ಡ ಆರ್ಡರ್ ಎಲ್ಲಾ ಆ ಎರಡು ದೊಡ್ಡ ಕಂಪನಿಗಳಿಗೆ ಹೋಯ್ತು. ಬ್ಯಾಂಟಮ್‌ಗೆ ಮುಖ್ಯವಾಗಿ ಉಳಿದಿದ್ದು ಜೀಪ್ ಹಿಂದಿನ ಟ್ರೇಲರ್ ಮಾಡೋ ಕೆಲಸ. ಯುದ್ಧದಲ್ಲಿ 70,000ಕ್ಕೂ ಹೆಚ್ಚು ಮಾಡಿದ್ರು. ಖಾಲಿ ತೂಕ ಸುಮಾರು 250 ಕಿಲೋ, ಕಾಡುಮೇಡಲ್ಲಿ ಹೊರೋ ಭಾರ ಸುಮಾರು 227 ಕಿಲೋ. ಜೀಪಿನ ಎರಡು ಚಕ್ರದ ನಡುವೆ ಎಷ್ಟು ಅಂತರವೋ ಟ್ರೇಲರಿಗೂ ಅಷ್ಟೇ, ಜೀಪ್ ತುಳಿದ ಜಾಡಲ್ಲೇ ಅದೂ ಬರ್ಲಿ ಅಂತ. ತೊಟ್ಟಿಗೆ ನೀರು ಒಳಗೆ ಬರದ ಹಾಗೆ ಬೆಸುಗೆ, ಹೊಳೆ ದಾಟೋವಾಗ ತೇಲುತ್ತೆ. ನನ್ನದು ಬ್ಯಾಂಟಮ್ ಅಲ್ಲ, ಆದ್ರೆ ಅಚ್ಚು ಅದೇ. ತೊಟ್ಟಿಯ ವಿಷಯ ನೆನಪಲ್ಲಿಟ್ಕೊಳ್ಳಿ, ಆಮೇಲೆ ಬರುತ್ತೆ.

46 ಸಾವಿರ ಕೊಟ್ಟೆ. ಡಿಪೋದಿಂದ ಮಾಲು ಬಿಟ್ಟ ಪತ್ರದ ಜೆರಾಕ್ಸ್, ಅದರ ಹಿಂದೆ ಲಾಟಿನ ಪಟ್ಟಿ, ವ್ಯಾಪಾರಿಯ ಬಿಲ್ಲು ಕೊಟ್ರು. 'ಪೇಪರ್ ಪಕ್ಕಾ ಸರ್' ಅಂದ್ರು. ನಾನು ಪೇಪರ್ ಎಷ್ಟಿದೆ ಅಂತ ಎಣಿಸಿದೆ. ಓದಲಿಲ್ಲ.

ಆಮೇಲೆ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಬಣ್ಣ ಹೊಡೆಸಿದ್ದು. ಬೇರಿಂಗ್ ಬಿಚ್ಚಿ ನೋಡಿಲ್ಲ, ತಳ ತುಕ್ಕು ಹಿಡಿದಿದ್ಯಾ ಅಂತ ಬಗ್ಗಿ ನೋಡಿಲ್ಲ. ನೇರ ಹೋಗಿ ಆಲಿವ್ ಗ್ರೀನ್, 6,200 ರೂಪಾಯಿ. ಫೋಟೋಗೆ ಚೆನ್ನಾಗಿ ಬರುತ್ತಲ್ಲ!

ಗೂಡ್ಸ್ ಗಾಡಿಯಿಂದ ಇಳಿಸಿದಾಗ ಮಾವ ಒಂದು ಸುತ್ತು ಹಾಕಿದ್ರು. ಮಾವ ಸೇನೆಯಲ್ಲಿ ಎಎಸ್‌ಸಿ, ಅಂದ್ರೆ ಸರಬರಾಜು ವಿಭಾಗದಲ್ಲಿ ಡ್ರೈವರ್ ಆಗಿದ್ದವರು. ಇಂಥದ್ದನ್ನ ಬೇಕಾದಷ್ಟು ಎಳೆದಿದ್ದಾರೆ. ಒಂದೇ ಮಾತು: 'ಈ ಬಣ್ಣ ನಿಂಗ್ಯಾರು ಕೊಟ್ರು?' ನಾನು ಏನೋ ಹೊಗಳ್ತಿದ್ದಾರೆ ಅಂದ್ಕೊಂಡೆ. ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯ ವಾಹನ ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಗ್ರೀನ್ ಹೊಡೆಯೋ ಹಾಗಿಲ್ಲ. ಇವತ್ತು ಇನ್‌ಸ್ಟಾದಲ್ಲಿ ಹಸಿರು ಹಸಿರಾಗಿ ಕಾಣೋ ಜೀಪುಗಳನ್ನ ನೋಡಿ ನೀವು ಮೋಸ ಹೋಗ್ಬೇಡಿ. ಮತ್ತೆ 3,800 ಕೊಟ್ಟು ಬೂದಿ ಬಣ್ಣ. ಇದು ಬರೀ ದುಡ್ಡಿನ ನಷ್ಟ ಅಂದ್ಕೊಂಡಿದ್ದೆ. ಅದಕ್ಕಿಂತ ದೊಡ್ಡ ತಪ್ಪು ಆ ಬಣ್ಣದ ಕೆಳಗಿತ್ತು.

ಅದಕ್ಕೆ ಮುಂಚೆ ಚಕ್ರದ ವಿಷಯ. ಇದನ್ನ ದಯವಿಟ್ಟು ಸ್ಕಿಪ್ ಮಾಡ್ಬೇಡಿ.

ಟೈರ್ ಎರಡೂ ಬಿರುಕು ಬಿಟ್ಟಿದ್ವು. ಅಳತೆ 6.00-16, ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೂ ಬರೋ ಅಳತೆ, ಸುಲಭವಾಗಿ ಸಿಗುತ್ತೆ. ಹೊಸ ಟೈರು, ಟ್ಯೂಬು ತಂದೆ. ಪಂಕ್ಚರ್ ಹಾಕೋ ಹುಡುಗ ಬಂದ. ಚಕ್ರದಲ್ಲಿ ಎರಡು ಸುತ್ತು ನಟ್ಟುಗಳಿದ್ವು. ಒಳಸುತ್ತಲ್ಲಿ ಐದು, ಹೊರಸುತ್ತಲ್ಲಿ ಎಂಟು. ಹುಡುಗ ಹೊರಗಿನ ನಟ್ಟಿಗೆ ಸ್ಪ್ಯಾನರ್ ಹಾಕಿದ. ತೋಟದ ಆ ತುದಿಯಿಂದ ಮಾವ ಕೂಗಿದ್ರು ನೋಡಿ, ಆ ಧ್ವನಿ ನಾನು ಜೀವನದಲ್ಲಿ ಕೇಳಿರಲಿಲ್ಲ. ಹುಡುಗ ಸ್ಪ್ಯಾನರ್ ಬಿಸಾಕಿ ಹಿಂದೆ ಸರಿದ.

ಏನು ಅಂದ್ರೆ, ಹಳೇ ಮಿಲಿಟರಿ ಚಕ್ರಗಳಲ್ಲಿ ರಿಮ್ಮು ಎರಡು ಹೋಳು. ಆ ಎರಡು ಹೋಳನ್ನ ಸೇರಿಸಿ ಹಿಡಿದಿರೋದು ಹೊರಗಿನ ನಟ್ಟು. ಚಕ್ರವನ್ನ ಗಾಡಿಗೆ ಹಿಡಿದಿರೋದು ಒಳಗಿನ ಐದು. ಟೈರಲ್ಲಿ ಗಾಳಿ ಇರೋವಾಗ ಹೊರಗಿನದ್ದನ್ನ ಬಿಚ್ಚಿದ್ರೆ ಆ ಉಕ್ಕಿನ ಹೋಳು ಮುಖಕ್ಕೆ ಹಾರುತ್ತೆ. ಇದರಲ್ಲಿ ಜನ ಸತ್ತಿದ್ದಾರೆ. ಮೊದಲು ವಾಲ್ವಿನ ಪಿನ್ನು ತೆಗೆದು ಗಾಳಿ ಪೂರ್ತಿ ಬಿಡ್ಬೇಕು, ಆಮೇಲೆ ಮುಟ್ಬೇಕು. ಆ ಹುಡುಗನ ವಯಸ್ಸು 19. ಅವನನ್ನ ಕರೆಸಿದವನು ನಾನು. ಆವತ್ತು ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡ್ಲಿಲ್ಲ. ಮಾವ ಮಾರನೇ ದಿನ ಆ ಹದಿನಾರು ನಟ್ಟಿಗೂ ಕೆಂಪು ಬಣ್ಣ ಬಳಿದ್ರು. ಈಗ ಯಾರು ನೋಡಿದ್ರೂ ಗೊತ್ತಾಗುತ್ತೆ.

ಉಳಿದ ರಿಪೇರಿ ಬೇಗ ಹೇಳಿಬಿಡ್ತೀನಿ. ತಳದಲ್ಲಿ ಎರಡು ಕಡೆ ತುಕ್ಕು ತಿಂದಿತ್ತು, ಕತ್ತರಿಸಿ ಹೊಸ ಪ್ಲೇಟ್ ಬೆಸುಗೆ. ಲೈಟಿನ ಬಲ್ಬು 24 ವೋಲ್ಟಿಂದು, ನನ್ನ ಬೊಲೆರೊ 12 ವೋಲ್ಟು. ಮಿಣುಕು ಹುಳದ ಥರ ಉರೀತಿತ್ತು. ಕಿತ್ತು ಎಲ್‌ಇಡಿ ಹಾಕಿಸಿದೆ. ಚಕ್ರದ ಬೇರಿಂಗು, ಸೀಲು, ಗ್ರೀಸು ಎಲ್ಲಾ ಸೇರಿ 3,100. ಇಡೀ ಲೆಕ್ಕದಲ್ಲಿ ಅತಿ ಕಡಿಮೆ ಖರ್ಚು, ಅತಿ ಮುಖ್ಯ ಕೆಲಸ. ಹತ್ತು ನಿಮಿಷ ಓಡಿಸಿ ಹಬ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ರೆ ಸರಿ. ಕೈ ಇಡೋಕೆ ಆಗ್ತಿಲ್ಲ ಅಂದ್ರೆ ಮತ್ತೆ ಬಿಚ್ಚಿ.

ಉಂಗುರ ಸಿಗಿಸೋಕೆ ಬೊಲೆರೊ ಹಿಂದೆ ಬಾಯಿ ಮುಚ್ಚೋ ಕೊಕ್ಕೆ ಮಾಡಿಸಿದೆ, 13,500. ಗುಂಡಿನ ಮೇಲೆ ಕೂರೋ ಸಾಮಾನ್ಯ ಕೊಂಡಿಗಿಂತ ಇದು ಸದ್ದು ಜಾಸ್ತಿ, ಟಣ್ ಟಣ್ ಅಂತಿರುತ್ತೆ. ಆದ್ರೆ ಗುಂಡಿ ಬಿದ್ದ ದಾರಿಯಲ್ಲಿ ಗಾಡಿ ಒಂದು ಕಡೆ, ಟ್ರೇಲರ್ ಇನ್ನೊಂದು ಕಡೆ ವಾಲಿದ್ರೂ ಉಂಗುರ ತಿರುಗ್ತಾ ಇರುತ್ತೆ, ಮುರಿಯಲ್ಲ. ಮೊದಲ ಸಲ ನಾನು ನೀರಿನ ಕ್ಯಾನು, ಸಿಲಿಂಡರ್ ಎಲ್ಲಾ ಹಿಂದಕ್ಕೆ ಜೋಡಿಸಿದ್ದೆ. ಟ್ರೇಲರ್ ನಾಯಿ ಬಾಲದ ಥರ ಆಡ್ತು. ಒಟ್ಟು ತೂಕದಲ್ಲಿ ಹತ್ತರಲ್ಲಿ ಒಂದು ಪಾಲಾದ್ರೂ ಕೊಕ್ಕೆ ಮೇಲೆ ಬೀಳ್ಬೇಕು. ಭಾರ ಮುಂದಕ್ಕೆ ತಂದ ಮೇಲೆ ಸುಮ್ಮನಾಯ್ತು. ಇನ್ನೊಂದು, ಇದಕ್ಕೆ ಇರೋದು ನಿಲ್ಲಿಸೋವಾಗ ಹಾಕೋ ಹ್ಯಾಂಡ್‌ಬ್ರೇಕ್ ಮಾತ್ರ. ಓಡೋವಾಗ ಅದರ ಪೂರ್ತಿ ಭಾರ ಬೊಲೆರೊ ಬ್ರೇಕಿನ ಮೇಲೆ. 'ಶಿರಾಡಿ ಇಳಿಯೋ ಆಸೆ ಬಿಡು' ಅಂದ್ರು ಮಾವ.

ಈಗ ಪೇಪರ್.

ಮೋಟಾರು ವಾಹನ ಕಾಯ್ದೆ 1988ರ ಲೆಕ್ಕದಲ್ಲಿ ಟ್ರೇಲರ್ ಅಂದ್ರೆ ಬೊಲೆರೊದ ಬಾಲ ಅಲ್ಲ, ಅದೇ ಒಂದು ವಾಹನ. ಅದಕ್ಕೆ ಬೇರೆ ಆರ್‌ಸಿ, ಬೇರೆ ನಂಬರ್, ಬೇರೆ ಇನ್ಶೂರೆನ್ಸ್. ಸೇನೆಯಲ್ಲಿದ್ದಾಗ ಅದಕ್ಕೆ ಮೇಲ್ಮುಖ ಬಾಣದ ಗುರುತಿರೋ ನಂಬರ್ ಇರುತ್ತೆ, ನೋಡಿರ್ತೀರ. ಅಲ್ಲಿಂದ ಹೊರಗೆ ಬಂದ ದಿನವೇ ಆ ನಂಬರಿನ ಕಥೆ ಮುಗೀತು. ಕಾಯ್ದೆಯ ಸೆಕ್ಷನ್ 60 ಪ್ರಕಾರ ಆಮೇಲೆ ಎಲ್ಲರ ಗಾಡಿ ಥರ ಹೊಸದಾಗಿ ನೋಂದಣಿ ಮಾಡಿಸ್ಬೇಕು. ಮಾಡಿಸದೇ ರಸ್ತೆಗೆ ಇಳಿಸಿದ್ರೆ ಮೊದಲ ಸಲ ದಂಡ 2,000ದಿಂದ 5,000. ದಂಡ ಬಿಡಿ, ಕಟ್ಬಹುದು. ಕೊಕ್ಕೆ ಬಿಟ್ಕೊಂಡು ಯಾರಿಗಾದ್ರೂ ಗುದ್ದಿದ್ರೆ? ಇನ್ಶೂರೆನ್ಸ್ ಇಲ್ಲದ ಗಾಡಿಯ ಪರಿಹಾರ ಜೀವಮಾನ ಕಟ್ತಾ ಕೂರ್ಬೇಕು.

ಫಾರಂ 20 ತುಂಬಿಸ್ಕೊಂಡು ಆರ್‌ಟಿಓ ಕಚೇರಿಗೆ ಹೋದೆ. ಚಾಸಿ ನಂಬರ್ ಎಲ್ಲಿದೆ ಅಂದ್ರು. ಎಲ್ಲಿದೆ? ನನ್ನ ಎರಡು ಪದರ ಬಣ್ಣದ ಕೆಳಗಿದೆ. ಮಾವ ಮರಳು ಕಾಗದ ತಗೊಂಡು ಮುಂದಿನ ಕಬ್ಬಿಣದ ತೊಲೆ ಮೇಲೆ ನಿಧಾನಕ್ಕೆ ಉಜ್ಜುತ್ತಾ ಹೋದ್ರು. ಒಂದೊಂದೇ ಅಂಕಿ ಎದ್ದು ಬಂತು. ಕೊನೆಯ ನಾಲ್ಕು: 4178. ಲಾಟಿನ ಪಟ್ಟಿಯಲ್ಲಿ: 4718.

ಎರಡು ಅಂಕಿ ಅದಲು ಬದಲು, ಅಷ್ಟೇ. ಟೈಪ್ ಮಾಡೋವಾಗ ಆದ ತಪ್ಪಿರಬಹುದು. ಅಥವಾ ಇದು ಬೇರೆಯದೇ ಟ್ರೇಲರ್ ಇರಬಹುದು. ಪೇಪರ್ ಕೈಯಲ್ಲಿ ಹಿಡ್ಕೊಂಡಾಗ ಎರಡಕ್ಕೂ ವ್ಯತ್ಯಾಸ ಇಲ್ಲ. ಡಿಪೋದಿಂದ ತಿದ್ದುಪಡಿ ಪತ್ರ ತನ್ನಿ ಅಂದ್ರು, ನ್ಯಾಯವಾದ ಮಾತೇ.

ವ್ಯಾಪಾರಿಗೆ ಫೋನ್ ಮಾಡ್ದೆ. ಅವರು ನಕ್ಕು, 'ಅದಕ್ಕೇನ್ ಸರ್, 3,000 ಕೊಡಿ, ಪಟ್ಟಿಯಲ್ಲಿರೋ ನಂಬರನ್ನೇ ಕಬ್ಬಿಣದ ಮೇಲೆ ಪಂಚ್ ಮಾಡಿಸಿ ಕೊಡ್ತೀನಿ' ಅಂದ್ರು.

ಸುಳ್ಳು ಹೇಳಲ್ಲ. ಎರಡು ದಿನ ಯೋಚನೆ ಮಾಡ್ದೆ. ಆಗಲೇ ಒಟ್ಟು 1,07,300 ರೂಪಾಯಿ ಹೋಗಿತ್ತು. ಅದರ ಮುಂದೆ 3,000 ಏನು ಮಹಾ? ಮುಳುಗಿದ ದುಡ್ಡನ್ನ ಲೆಕ್ಕಕ್ಕೆ ಹಿಡೀಬಾರ್ದು ಅಂತ ಬಿ.ಕಾಂ ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೆದಿದ್ದೆ. ಸ್ವಂತ ದುಡ್ಡು ಮುಳುಗಿದಾಗ ಆ ಉತ್ತರ ನೆನಪಾಗಲ್ಲ. ಮಾವನಿಗೆ ಹೇಳ್ದೆ. ಅವರು ಬೈಲಿಲ್ಲ. 'ನಾವು ಗಾಡಿ ತಗೊಳ್ಳೋವಾಗ ನಂಬರ್ ನೋಡಿ ಸೈನ್ ಮಾಡ್ತಿದ್ವಿ. ಒಂದು ಅಂಕಿ ತಪ್ಪಿದ್ರೂ ಗೇಟಲ್ಲಿ ನಿಲ್ಲಿಸ್ತಿದ್ರು, ರಾತ್ರಿ ಹನ್ನೆರಡಾದ್ರೂ ಸರಿ. ನೀನು ಅದನ್ನ ಸುತ್ತಿಗೆಯಲ್ಲಿ ಹೊಡೀತೀಯಾ?' ಅಂತ ಕೇಳಿ ಎದ್ದು ಹೋದ್ರು. ಚಾಸಿ ನಂಬರ್ ತಿದ್ದೋದು ಅಪರಾಧ, ಕಳ್ಳಮಾಲು ಅನ್ನೋ ಅನುಮಾನ ಬರೋದೇ ಅಲ್ಲಿಂದ. ಅದು ಗೊತ್ತಿತ್ತು. ಆದ್ರೆ ನನ್ನನ್ನ ನಿಲ್ಲಿಸಿದ್ದು ಕಾನೂನಿಗಿಂತ ಮಾವ ಹಾಗೆ ಎದ್ದು ಹೋದ ರೀತಿ.

ಪತ್ರ ಬರೆದು ಕಳಿಸಿದ್ದೀನಿ, ಜೊತೆಗೆ ನಂಬರಿನ ಪೆನ್ಸಿಲ್ ಅಚ್ಚು. ಮೂರು ತಿಂಗಳಾಯ್ತು, ಕಾಯ್ತಾ ಇದ್ದೀನಿ.

ಅಲ್ಲೀವರೆಗೆ ತೋಟವೇ ನನ್ನ ಆಫ್‌ರೋಡು. ರಿಸರ್ವ್ ಫಾರೆಸ್ಟಲ್ಲಿ ಅನುಮತಿ ಇಲ್ಲದೆ ಟೆಂಟ್ ಹಾಕೋ ಹಾಗೂ ಇಲ್ಲ, ಹಾಗಾಗಿ ಮಾವನ ಮೂರು ಎಕರೆ ಸಾಕು. ಮೊದಲ ರಾತ್ರಿ ಜೂನ್ ತಿಂಗಳು, ಸಕಲೇಶಪುರದ ಮಳೆ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಟಾರ್ಪಾಲಿನ್ ಒಂದು ಮೂಲೆ ಕಿತ್ತುಬಂತು. ನೆನಪಿದೆಯಲ್ಲ, ತೇಲೋ ತೊಟ್ಟಿ? ನೀರನ್ನ ಹೊರಗೆ ಹಿಡಿಯೋ ತೊಟ್ಟಿ ಒಳಗೂ ಅಷ್ಟೇ ಚೆನ್ನಾಗಿ ಹಿಡಿಯುತ್ತೆ. ತಳದ ಡ್ರೇನ್ ಪ್ಲಗ್ ತೆಗೆಯೋದು ಮರೆತಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಅಕ್ಕಿ, ಹಾಸಿಗೆ, ನನ್ನ ಮೈಕಿನ ಡಬ್ಬ ಎಲ್ಲಾ ಸ್ನಾನ ಮಾಡ್ತಿವೆ. ಮಾವ ಕಾಫಿ ಲೋಟ ಹಿಡ್ಕೊಂಡು ಬಂದು ನೋಡಿ, 'ಬೆಸುಗೆ ಚೆನ್ನಾಗಿ ಮಾಡಿದ್ದಾನೆ' ಅಂದ್ರು. ಅಷ್ಟು ನಕ್ಕಿದ್ದು ಆ ವರ್ಷದಲ್ಲಿ ಅದೇ ಮೊದಲು.

ಈಗ ಅಡ್ವಾನ್ಸ್ ಕೊಟ್ಟಿರೋ ಗೆಳೆಯರಿಗೆ. ಬಾಕಿ ದುಡ್ಡು ಇವತ್ತು ಹಾಕ್ಬೇಡಿ. ಒಂದು ಮರಳು ಕಾಗದ, ಒಂದು ಟಾರ್ಚ್ ತಗೊಂಡು ಹೋಗಿ. ಕಬ್ಬಿಣದ ಮೇಲಿನ ನಂಬರನ್ನ ನೀವೇ ಉಜ್ಜಿ ಓದಿ, ಫೋಟೋ ತೆಗೀರಿ. ಡಿಪೋ ಪತ್ರದ ಒರಿಜಿನಲ್ ತೋರಿಸಿ ಅನ್ನಿ, ಜೆರಾಕ್ಸ್ ಬೇಡ. ಒಂದೊಂದೇ ಅಂಕಿ ಬೆರಳಿಟ್ಟು ಹೋಲಿಸಿ. ಆಮೇಲೆ ಆ ಎರಡನ್ನೂ ನಿಮ್ಮ ಆರ್‌ಟಿಓದಲ್ಲಿ ತೋರಿಸಿ, ಇದಕ್ಕೆ ನೋಂದಣಿ ಆಗುತ್ತಾ ಅಂತ ಕೇಳಿ. ಇಷ್ಟಕ್ಕೂ ವ್ಯಾಪಾರಿ ಒಪ್ಪದಿದ್ರೆ ಆ 10 ಸಾವಿರ ಬಿಟ್ಟು ಬನ್ನಿ. ನನಗೆ ಫೋನ್ ಮಾಡಿ ಬೈಯಿರಿ ಬೇಕಾದ್ರೆ, ಫೋಟೋ ಹಾಕಿದವನು ನಾನೇ. ಆ ಫೋಟೋ ಕೆಳಗೆ '46 ಸಾವಿರ' ಅಂತ ಇದ್ದ ನನ್ನ ಉತ್ತರವನ್ನ ಇವತ್ತು ಬೆಳಿಗ್ಗೆ ತಿದ್ದಿದ್ದೀನಿ.

ಡಿಪೋದಿಂದ ಉತ್ತರ ಬಂದ್ರೆ, ಏನೇ ಬರ್ಲಿ, ಇಲ್ಲೇ ಓದಿ ಹೇಳ್ತೀನಿ. ಸಿಗೋಣ.