ಮೇಜಿನ ಎರಡು ಬದಿ

ಬಂಗಾರಪೇಟೆ–ಮಾರಿಕುಪ್ಪಂ ಮಾರ್ಗದ ಕೋರಮಂಡಲ್ ನಿಲ್ದಾಣದಲ್ಲಿ ಬೆಳಗಿನ ರೈಲು ಹತ್ತುವವರಲ್ಲಿ ಬೆಂಗಳೂರಿಗೆ ಸಂದರ್ಶನಕ್ಕೆ ಹೊರಟವರೂ ಇರುತ್ತಾರೆ. 2001ರಲ್ಲಿ ಕೋಲಾರದ ಚಿನ್ನದ ಗಣಿ (ಕೆಜಿಎಫ್) ಮುಚ್ಚಿದ ಮೇಲೆ ಇಲ್ಲಿ ಎಷ್ಟೋ ಮನೆಗಳ ದುಡಿಮೆಗೆ ಈ ರೈಲೇ ದಾರಿ.

ಸಂದರ್ಶನದಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಬಾಯಿಪಾಠದ ‘ನಾನು ಶ್ರಮಜೀವಿ’ ಒಪ್ಪಿಸಬೇಡಿ. ಐಟಿಐಯಲ್ಲಿ ಲೇತ್ ಕೆಟ್ಟಾಗ ಮೊದಲು ಏನು ನೋಡಿದಿರಿ, ಏನು ಬದಲಿಸಿದಿರಿ, ಅದನ್ನು ಹೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ.

ಆದರೆ ಪಾಠ ಹೆಚ್ಚು ಬೇಕಾದ್ದು ಪ್ರಶ್ನೆ ಕೇಳುವವರಿಗೆ ಎಂದು ನನಗನ್ನಿಸುತ್ತದೆ. ಕೆಜಿಎಫ್ ಎಂದೊಡನೆ ಸಿನಿಮಾ ಮಾತು ತೆಗೆದು ನಕ್ಕರೆ ಎದುರಿನ ಹುಡುಗಿಯ ಕೆಲಸ ತಿಳಿಯದು! ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಉತ್ತರವನ್ನು ಅಲ್ಲೇ ಬರೆದಿಟ್ಟುಕೊಂಡರೆ ಹೋಲಿಸುವುದು ನ್ಯಾಯವಾಗುತ್ತದೆ. ತಮಿಳು, ತೆಲುಗು, ಕನ್ನಡ ಬೆರೆತ ಊರಿನವಳು ಇಂಗ್ಲಿಷಿನಲ್ಲಿ ತಡವರಿಸಿದರೆ ಸ್ವಲ್ಪ ಕಾಯಿರಿ. ‘ನಿನಗೆ ಬರುವ ಭಾಷೆಯಲ್ಲೇ ಹೇಳಮ್ಮ’ ಎನ್ನಿ.