ಪರದೆಯ ಮೇಲಿನ ಪಠ್ಯ

ಪುಸ್ತಕ ಓದುವುದಕ್ಕೆಂದೇ ರೂಪುಗೊಂಡ ಇ-ರೀಡರ್ ಎಂಬ ಕೈಸಾಧನದ ಪರದೆಯು, ಮೊಬೈಲಿನ ಪರದೆಯಂತೆ ಹಿಂದಿನಿಂದ ಬೆಳಕು ಚೆಲ್ಲದೆ, ಕಪ್ಪು-ಬಿಳುಪಿನ ಅತಿಸೂಕ್ಷ್ಮ ಕಣಗಳನ್ನು ವಿದ್ಯುತ್ತಿನ ನೆರವಿನಿಂದ ಸರಿಸಿ ಅಕ್ಷರ ಮೂಡಿಸುವುದರಿಂದ, ಬಿಸಿಲಿನಲ್ಲಿಯೂ ಕಾಗದದಂತೆ ಓದಿಸಿಕೊಳ್ಳುತ್ತದೆ. 2007ರಲ್ಲಿ ಅಮೆರಿಕದಲ್ಲಿ ಕಿಂಡಲ್ ಎಂಬ ಇ-ರೀಡರ್ ಬಿಡುಗಡೆಯಾದ ಎರಡು ವರ್ಷಗಳ ಬಳಿಕ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು ಮೂರು ತರಗತಿಗಳ ವಿದ್ಯಾರ್ಥಿಗಳಿಗೆ ಅದನ್ನು ಕೊಟ್ಟು ನೋಡಿದಾಗ, ಮುದ್ರಣಕ್ಕೆ ಬಳಸುವ ಕಾಗದ ಗಣನೀಯವಾಗಿ ಉಳಿಯಿತಾದರೂ, ಅಂಚಿನಲ್ಲಿ ಟಿಪ್ಪಣಿ ಬರೆಯುವುದು ಕಷ್ಟ, ಪುಟಸಂಖ್ಯೆ ಹಿಡಿದು ಚರ್ಚಿಸಲಾಗದು ಎಂಬ ದೂರುಗಳು ಬಂದವು. ಈ ದೂರುಗಳನ್ನು ಹಳೆಯ ಅಭ್ಯಾಸದ ಹಟವೆಂದು ತಳ್ಳಿಹಾಕುವುದು ಅನ್ಯಾಯ. ಪರೀಕ್ಷೆಗೆ ಓದುವ ಮಕ್ಕಳು ಗೆರೆ ಎಳೆಯುತ್ತ, ಹಿಂದಿನ ಪುಟಕ್ಕೆ ಮರಳುತ್ತ ಕೈಯಿಂದಲೂ ಓದುತ್ತಾರೆ. 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಮಾಹಿತಿಪ್ರಧಾನ ಬರಹವನ್ನು ಗ್ರಹಿಸುವಲ್ಲಿ ಕಾಗದವೇ ಮುಂದಿದೆಯೆಂದೂ, ಬರಿಯ ಕಥನದ ಓದಿನಲ್ಲಿ ಅಂಥ ಅಂತರ ಕಾಣಲಿಲ್ಲವೆಂದೂ ತೋರಿಸಿತು.

ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ತೂಬಗೆರೆಯಂಥ ಊರುಗಳಲ್ಲಿ ಕಾಗದವೋ ಪರದೆಯೋ ಎಂಬ ಪ್ರಶ್ನೆಯ ಸ್ವರೂಪವೇ ಬೇರೆ. ಇಲ್ಲಿ ಕೈಗೆ ಸಿಗುವ ಓದಿನ ಸಾಧನವೆಂದರೆ ಸಾಮಾನ್ಯವಾಗಿ ಮನೆಯವರೆಲ್ಲರ ಪಾಲಿನ ಮೊಬೈಲು. ಸರ್ಕಾರಿ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ ನಿಜ. ಆದರೆ ಅವು ಪಿಡಿಎಫ್ ರೂಪದಲ್ಲಿ, ಅಂದರೆ ಅಚ್ಚಿನ ಪುಟವನ್ನು ಹಾಗೆಯೇ ಹಿಡಿದಿಟ್ಟ ಕಡತಗಳಾಗಿ ಇರುವುದರಿಂದ, ಪುಟ್ಟ ಪರದೆಯಲ್ಲಿ ಅಕ್ಷರ ಹಿಗ್ಗಿಸಿದೊಡನೆ ಸಾಲಿನ ಕೊನೆ ಹೊರಗೆ ಜಾರಿ, ಪ್ರತಿ ಸಾಲಿಗೂ ಪುಟವನ್ನು ಎಡಕ್ಕೂ ಬಲಕ್ಕೂ ಎಳೆಯಬೇಕಾಗುತ್ತದೆ. ಇಪಬ್ ಎಂಬ ಇನ್ನೊಂದು ರೂಪದಲ್ಲಿ ಪರದೆಯ ಅಗಲಕ್ಕೆ ತಕ್ಕಂತೆ ಸಾಲುಗಳೇ ಮರುಜೋಡಣೆಗೊಳ್ಳುತ್ತವೆ. ಆದರೆ ಕನ್ನಡದ ಬಹಳಷ್ಟು ಪುಸ್ತಕಗಳು ಎಲ್ಲ ಯಂತ್ರಗಳಿಗೂ ಸಮಾನವಾದ ಯುನಿಕೋಡ್ ಸಂಕೇತಕ್ಕೆ ಬದಲಾಗಿ ಹಳೆಯ ಫಾಂಟುಗಳ ಸಂಕೇತದಲ್ಲಿ ಅಚ್ಚಿಗೆ ಸಿದ್ಧಗೊಂಡವು. ಆದ್ದರಿಂದ ಅವನ್ನು ಪರಿವರ್ತಿಸಿ, ಒತ್ತಕ್ಷರಗಳು ಕೆಟ್ಟಿವೆಯೇ ಎಂದು ಸಾಲು ಸಾಲಾಗಿ ತಿದ್ದದೆ ಇಪಬ್ ರೂಪಕ್ಕೆ ತರಲಾಗದು. 2016ರ ಕೊನೆಯಲ್ಲಿ ಕಿಂಡಲ್‌ನ ಇ-ಪುಸ್ತಕ ಮಳಿಗೆಯು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಭಾಷೆಗಳಿಗೆ ಬಾಗಿಲು ತೆರೆದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ ಎಂಬುದು ಇಂದಿಗೂ ನೋಯಿಸುವ ಸಂಗತಿ. 2020ರಲ್ಲಿ ಮೈಲ್ಯಾಂಗ್‌ನಂಥ ಕನ್ನಡದ ಇ-ಪುಸ್ತಕ ವೇದಿಕೆಯೂ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಬಂದ ಮೇಲೆ ಸ್ಥಿತಿ ಸುಧಾರಿಸಿದೆ.

ಹೀಗಿರುವಾಗ, ಹಳ್ಳಿಯ ವಿದ್ಯಾರ್ಥಿಯೊಬ್ಬಳು ಪರದೆಯಲ್ಲಿ ಓದುವುದು ಬೇಸರವೆಂದರೆ, ಆ ಬೇಸರವು ಸಾಧನದ್ದೋ ಅವಳಿಗೆ ಕೊಟ್ಟ ಕಡತದ್ದೋ ಎಂದು ಮೊದಲು ವಿಚಾರಿಸಬೇಕು. ಪಠ್ಯಪುಸ್ತಕಗಳನ್ನು ಯುನಿಕೋಡಿನ ಇಪಬ್ ರೂಪದಲ್ಲಿಯೂ ಪ್ರಕಟಿಸಿದರೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಒಮ್ಮೆ ಇಳಿಸಿಕೊಂಡು ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆಯೂ ಓದಬಹುದು. ದೃಷ್ಟಿದೋಷವುಳ್ಳ ಮಕ್ಕಳು ಅಕ್ಷರವನ್ನು ಧ್ವನಿಯಾಗಿಸುವ ತಂತ್ರಾಂಶದ ಮೂಲಕ ಅದೇ ಪಾಠವನ್ನು, ಅದೇ ದಿನ, ತಮ್ಮ ಸಹಪಾಠಿಗಳೊಂದಿಗೆ ಕೇಳಿ ಕಲಿಯಬಹುದು.