ನಿಶ್ಶಬ್ದದಲ್ಲಿ ಅಡಗಿದ ದೋಷ



ಒಂದು ಸಣ್ಣ ಪ್ರಶ್ನೆಯಿಂದ ಪ್ರಾರಂಭಿಸೋಣ. ಗಣಕಯಂತ್ರಕ್ಕೆ ಯಾವುದು ಹೆಚ್ಚು ಕಷ್ಟದ ಕೆಲಸ? ಜೋರಾಗಿ ಕೇಳುತ್ತಿರುವ ಹಾಡನ್ನು ಸಂಸ್ಕರಿಸುವುದೋ, ಹಾಡು ನಿಂತ ನಂತರದ ನಿಶ್ಶಬ್ದವನ್ನು ಸಂಸ್ಕರಿಸುವುದೋ? ಹಾಡು ಎಂದೇ ನೀವು ಹೇಳುತ್ತೀರಿ. ಆದರೆ ಧ್ವನಿ ತಂತ್ರಾಂಶಗಳನ್ನು ಬಹುಕಾಲ ಕಾಡಿದ ಒಂದು ದೋಷವಿದೆ. ಹಾಡು ನಡೆಯುತ್ತಿರುವಷ್ಟು ಹೊತ್ತು ಯಂತ್ರ ಸರಾಗವಾಗಿ ದುಡಿಯುತ್ತದೆ. ಹಾಡು ನಿಂತು ಕೆಲವು ಸೆಕೆಂಡು ಕಳೆದ ಮೇಲೆ, ಕಿವಿಗೆ ಏನೂ ಕೇಳದಿರುವಾಗ, ಏದುಸಿರು ಬಿಡತೊಡಗುತ್ತದೆ! ಈ ವಿಚಿತ್ರ ದೋಷದ ಬೆನ್ನು ಹತ್ತಿ ಹೋಗೋಣ ಬನ್ನಿ. ದೋಷವೊಂದನ್ನು ಹುಡುಕುವ ಕ್ರಮ ಹೇಗಿರಬೇಕೆಂಬುದೂ ಅದರ ಜೊತೆಗೇ ತಿಳಿದುಬರುತ್ತದೆ.

ಮೊದಲು ಹಿನ್ನೆಲೆ. ಧ್ವನಿಯನ್ನು ಮುದ್ರಿಸಿ, ಕತ್ತರಿಸಿ, ಜೋಡಿಸುವ ತಂತ್ರಾಂಶಗಳಲ್ಲಿ ಕೆಲವನ್ನು ಯಾರು ಬೇಕಾದರೂ ಬಳಸಬಹುದು. ಅಷ್ಟೇ ಅಲ್ಲ, ಅವುಗಳ ಒಳಗಿನ ಬರವಣಿಗೆಯನ್ನು ತೆರೆದು ಓದಬಹುದು, ತಿದ್ದಬಹುದು. ಇವೇ ಮುಕ್ತ ತಂತ್ರಾಂಶಗಳು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಝೋನಿ ಎಂಬ ವಿದ್ಯಾರ್ಥಿಯೂ ರೋಜರ್ ಡ್ಯಾನೆನ್‌ಬರ್ಗ್ ಎಂಬ ಅಧ್ಯಾಪಕರೂ 1999ರಲ್ಲಿ ಆರಂಭಿಸಿ, 2000ದ ಮೇ ತಿಂಗಳಲ್ಲಿ ಹೊರತಂದ ಅಡಾಸಿಟಿ ಇವುಗಳಲ್ಲಿ ಪ್ರಸಿದ್ಧವಾದುದು.

ಇಂಥ ತಂತ್ರಾಂಶಕ್ಕೆ ಹೊಸ ಸಾಮರ್ಥ್ಯವನ್ನು ಸೇರಿಸುವ ಚಿಕ್ಕ ತುಣುಕೇ ಪ್ಲಗ್-ಇನ್. ನಿಮ್ಮ ಅಡುಗೆಮನೆಯ ಮಿಕ್ಸಿಯನ್ನು ನೆನೆಯಿರಿ. ಕೆಳಗಿನ ಮೋಟಾರು ಒಂದೇ. ಚಟ್ನಿಗೆ ಒಂದು ಜಾರು, ಮಸಾಲೆ ಪುಡಿಗೆ ಇನ್ನೊಂದು. ಜಾರು ಕೂರಬೇಕಾದರೆ ಅದರ ತಳಕ್ಕೂ ಮೋಟಾರಿನ ಹಲ್ಲುಗಳಿಗೂ ಹೊಂದಿಕೆ ಇರಬೇಕಲ್ಲವೆ? ಹಾಗೆಯೇ ಮೂಲ ತಂತ್ರಾಂಶಕ್ಕೂ ಪ್ಲಗ್-ಇನ್‌ಗೂ ನಡುವೆ ಒಂದು ಒಪ್ಪಂದವಿರುತ್ತದೆ. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ 1996ರಲ್ಲಿ ಪ್ರಕಟಿಸಿದ ವಿಎಸ್‌ಟಿ, ಲಿನಕ್ಸ್ ಬಳಗದವರು 2000ದಲ್ಲಿ ರೂಪಿಸಿದ ಲ್ಯಾಡ್‌ಸ್ಪಾ ಇಂಥ ಒಪ್ಪಂದಗಳು.

ಸಿ.ಡಿ. ಗುಣಮಟ್ಟದ ಧ್ವನಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಸಂಖ್ಯೆಗಳಿರುತ್ತವೆ. ಒಂದೊಂದೂ ಆ ಕ್ಷಣದ ಧ್ವನಿಯ ಅಳತೆ. ಇವುಗಳನ್ನು ಮೂಲ ತಂತ್ರಾಂಶವು ಕಂತು ಕಂತಾಗಿ ಪ್ಲಗ್-ಇನ್ ಕೈಗೆ ಕೊಡುತ್ತದೆ. ಒಂದು ಕಂತಿನಲ್ಲಿ 256 ಸಂಖ್ಯೆಗಳಿವೆ ಎನ್ನಿ. ಭಾಗಿಸಿ ನೋಡಿದರೆ, ಮುಂದಿನ ಕಂತು ಬರುವುದಕ್ಕೆ ಒಂದು ಸೆಕೆಂಡಿನ ಸಾವಿರದಲ್ಲಿ ಆರು ಭಾಗದಷ್ಟೂ ಸಮಯವಿಲ್ಲ. ಅಷ್ಟರೊಳಗೆ ಲೆಕ್ಕ ಮುಗಿಯಲೇಬೇಕು. ಮುಗಿಯದಿದ್ದರೆ ಧ್ವನಿ ತುಂಡಾಗಿ 'ಟಿಕ್' ಎಂಬ ಸದ್ದು ಬರುತ್ತದೆ. ಪತ್ರ ಬರೆಯುವ ತಂತ್ರಾಂಶ ಅರ್ಧ ಸೆಕೆಂಡು ತಡಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಧ್ವನಿಯಲ್ಲಿ ಹಾಗಲ್ಲ. ಹಳ್ಳಿಯ ಅಜ್ಜಿಯೊಬ್ಬರ ಸೋಬಾನೆ ಪದವನ್ನು ನೀವು ಮುದ್ರಿಸುತ್ತಿದ್ದೀರಿ ಎನ್ನಿ. ನಡುವೆ ಧ್ವನಿ ಕಡಿದುಹೋದರೆ ಆ ಸಾಲು ಹೋದಂತೆಯೇ. ಇನ್ನೊಮ್ಮೆ ಹಾಡಿ ಎನ್ನಬಹುದು. ಆದರೆ ಅದೇ ಹಾಡು ಅದೇ ಭಾವದಲ್ಲಿ ಮತ್ತೆ ಬರುತ್ತದೆಂಬ ಭರವಸೆ ಎಲ್ಲಿದೆ?

ಈಗ ನಮ್ಮ ದೋಷಕ್ಕೆ ಬರೋಣ. ವಿಜಯಪುರದ ಗೋಳಗುಮ್ಮಟದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಆ ಸದ್ದು ಗೋಡೆಯಿಂದ ಗೋಡೆಗೆ ಬಡಿದು, ಪ್ರತಿಸಲವೂ ಸ್ವಲ್ಪ ಸ್ವಲ್ಪ ಕ್ಷೀಣಿಸುತ್ತಾ ಹಿಂದಿರುಗುತ್ತದೆ. ಇಂಥ ಅನುರಣನವನ್ನು ಗಣಕಯಂತ್ರದಲ್ಲಿ ಕೃತಕವಾಗಿ ಉಂಟುಮಾಡುವ ವಿಧಾನವನ್ನು ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್ 1962ರಲ್ಲಿ ವಿವರಿಸಿದರು. ಅದರ ತಿರುಳು ಸರಳ. ಧ್ವನಿಯನ್ನು ಸ್ವಲ್ಪ ಹೊತ್ತು ಹಿಡಿದಿಡಿ, ಒಂದಕ್ಕಿಂತ ಚಿಕ್ಕದಾದ ಸಂಖ್ಯೆಯಿಂದ ಗುಣಿಸಿ, ಹೊಸ ಧ್ವನಿಯೊಡನೆ ಸೇರಿಸಿ ಮತ್ತೆ ಒಳಗೆ ಕಳುಹಿಸಿ. ಈ ಸುತ್ತು ನಡೆಯುತ್ತಲೇ ಇರುತ್ತದೆ.

ಲೆಕ್ಕ ಮಾಡೋಣ. ಒಂದು ಸುತ್ತಿಗೆ 30 ಮಿಲಿಸೆಕೆಂಡು, ಗುಣಕ 0.84 ಎಂದಿಟ್ಟುಕೊಳ್ಳಿ. ಹಾಡು ನಿಂತಾಗ ಧ್ವನಿಯ ಅಳತೆ 1 ಇತ್ತು. ಸುಮಾರು 60 ಸುತ್ತುಗಳಲ್ಲಿ, ಅಂದರೆ ಎರಡು ಸೆಕೆಂಡಿನೊಳಗೆ, ಅದು ಸಿ.ಡಿ.ಯು ಹಿಡಿದಿಡಬಲ್ಲ ಅತಿ ಚಿಕ್ಕ ಹೆಜ್ಜೆಗಿಂತಲೂ ಕೆಳಗಿಳಿಯುತ್ತದೆ. ನಮ್ಮ ಪಾಲಿಗೆ ಅದು ನಿಶ್ಶಬ್ದ. ಆದರೆ ಯಂತ್ರ ಗುಣಿಸುವುದನ್ನು ನಿಲ್ಲಿಸಿಲ್ಲ. ಸುಮಾರು 500 ಸುತ್ತುಗಳಾಗುವ ವೇಳೆಗೆ, ಅಂದರೆ 15 ಸೆಕೆಂಡುಗಳ ಹೊತ್ತಿಗೆ, ಸಂಖ್ಯೆ ಎಷ್ಟು ಸಣ್ಣದಾಗಿರುತ್ತದೆಂದರೆ, ದಶಮಾಂಶ ಬಿಂದುವಿನ ಮುಂದೆ 37 ಸೊನ್ನೆಗಳನ್ನು ಬರೆದು ಆಮೇಲೆ ಅಂಕೆ ಬರೆಯಬೇಕು.

ಇಲ್ಲಿಯೇ ಒಂದು ಗಡಿ ಇದೆ. ಗಣಕಯಂತ್ರಗಳು ದಶಮಾಂಶ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವ ರೀತಿಯನ್ನು ಐಇಇಇ 754 ಎಂಬ 1985ರ ಮಾನದಂಡ ನಿಗದಿ ಮಾಡಿತು. ಅದರಲ್ಲಿ 32 ಬಿಟ್‌ಗಳ ಸಂಖ್ಯೆಯೊಂದು ಸಾಮಾನ್ಯ ರೀತಿಯಲ್ಲಿ ಇಳಿಯಬಹುದಾದ ಕೊನೆಯ ಮೆಟ್ಟಿಲು ಈ ಗಡಿಯೇ. ಅದಕ್ಕಿಂತ ಕೆಳಗಿನವನ್ನು ಒಮ್ಮೆಗೇ ಸೊನ್ನೆ ಎನ್ನುವ ಬದಲು, ನಿಖರತೆಯನ್ನು ಸ್ವಲ್ಪ ಸ್ವಲ್ಪ ಬಿಟ್ಟುಕೊಡುತ್ತಾ ವಿಶೇಷ ರೂಪದಲ್ಲಿ ಬರೆಯುತ್ತಾರೆ. ಇವಕ್ಕೆ ಡಿನಾರ್ಮಲ್ ಸಂಖ್ಯೆಗಳೆಂದು ಹೆಸರು. ಈ ಮಾನದಂಡದ ಹಿಂದಿನ ಮುಖ್ಯ ಗಣಿತಜ್ಞರಾದ ವಿಲಿಯಂ ಕಹಾನ್ ಅವರು ಇದಕ್ಕಾಗಿ ಬಲವಾಗಿ ವಾದಿಸಿದ್ದರು. ಎರಡು ಸಂಖ್ಯೆಗಳು ಬೇರೆ ಬೇರೆಯಾಗಿದ್ದರೆ ಅವುಗಳ ವ್ಯತ್ಯಾಸ ಸೊನ್ನೆಯೆಂದು ಬರಬಾರದು. ವಿಜ್ಞಾನದ ಲೆಕ್ಕಗಳಿಗೆ ಇದು ದೊಡ್ಡ ರಕ್ಷಣೆ.

ಆದರೆ ಈ ರಕ್ಷಣೆಗೆ ಬೆಲೆ ತೆರಬೇಕು. ಅನೇಕ ಪ್ರೊಸೆಸರ್‌ಗಳು ಸಾಮಾನ್ಯ ಸಂಖ್ಯೆಗಳನ್ನು ಸಲೀಸಾಗಿ ಗುಣಿಸುತ್ತವೆ. ಡಿನಾರ್ಮಲ್ ಎದುರಾದರೆ ಮಾಮೂಲು ದಾರಿ ಬಿಟ್ಟು ಸುತ್ತುದಾರಿ ಹಿಡಿಯುತ್ತವೆ. ಹಲವು ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಂದೊಂದು ಲೆಕ್ಕಕ್ಕೂ ನೂರಕ್ಕಿಂತ ಹೆಚ್ಚು ಗಡಿಯಾರ ಬಡಿತಗಳು ಹಿಡಿಯುತ್ತವೆ. ಇಂಥ ಸುತ್ತು ಒಂದೇ ಒಂದಾದರೆ ಯಂತ್ರ ತಡೆದುಕೊಂಡೀತು. ಆದರೆ 2000ದಲ್ಲಿ ಬಂದ ಫ್ರೀವರ್ಬ್ ಎಂಬ ಪ್ರಸಿದ್ಧ ಮುಕ್ತ ಅನುರಣನ ತಂತ್ರಾಂಶದಲ್ಲಿ ಪ್ರತಿ ಚಾನೆಲ್‌ಗೂ ಇಂಥ 12 ಸುತ್ತುಗಳಿವೆ. ಸ್ಟೀರಿಯೋ ಎಂದರೆ 24. ಅಂಥ ನಾಲ್ಕಾರು ಪ್ಲಗ್-ಇನ್‌ಗಳು ಒಟ್ಟಿಗೆ ಡಿನಾರ್ಮಲ್‌ಗಳಲ್ಲಿ ಸಿಕ್ಕಿಕೊಂಡರೆ ಗಡುವಿನೊಳಗೆ ಲೆಕ್ಕ ಮುಗಿಯುವುದು ಹೇಗೆ?

ಕೊನೆಗೆ ಸಂಖ್ಯೆ ಸೊನ್ನೆಯಾಗಿ ಕಷ್ಟ ತೀರಬೇಕಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ತೀರಾ ತಳದಲ್ಲಿ ಸಂಖ್ಯೆಗಳು 1, 2, 3 ಎಂಬ ಇಡೀ ಹರಳುಗಳಂತೆ ಇರುತ್ತವೆ, ಅರ್ಧ ಹರಳೆಂಬುದಿಲ್ಲ. 4 ಹರಳನ್ನು 0.84ರಿಂದ ಗುಣಿಸಿದರೆ 3.36, ಹತ್ತಿರದ ಪೂರ್ಣಾಂಕ 3. ಆ 3ನ್ನು ಮತ್ತೆ ಗುಣಿಸಿದರೆ 2.52; ಹತ್ತಿರದ ಪೂರ್ಣಾಂಕ ಮತ್ತೆ 3! ಹೀಗೆ ಮೂರು ಮೂರಾಗಿಯೇ ಉಳಿಯುತ್ತದೆ. ಹೊಸ ಧ್ವನಿ ಬರುವವರೆಗೆ ಯಂತ್ರ ಅದೇ ದುಬಾರಿ ಗುಣಾಕಾರವನ್ನು ಮಾಡುತ್ತಾ ಕೂರುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ಸುಲಭವೆನಿಸುತ್ತದೆ. ಆದರೆ ದೋಷ ಎದುರಾದಾಗ ಕಾಣುವುದು ಇಷ್ಟೇ: "ಒಮ್ಮೊಮ್ಮೆ ಧ್ವನಿ ತುಂಡಾಗುತ್ತದೆ." ಅಲ್ಲಿಂದ ಇಲ್ಲಿಗೆ ಬರುವ ದಾರಿ ಯಾವುದು?

ಮೊದಲನೆಯದಾಗಿ, ದೋಷವನ್ನು ಬೇಕೆಂದಾಗ ಬರಿಸಲು ಕಲಿಯಬೇಕು. 'ಒಮ್ಮೊಮ್ಮೆ' ಎಂಬ ಮಾತನ್ನು 'ಒಂದು ಸೆಕೆಂಡು ಧ್ವನಿ, ಆಮೇಲೆ ಎರಡು ನಿಮಿಷ ಪೂರ್ಣ ನಿಶ್ಶಬ್ದ ಕೊಟ್ಟಾಗ' ಎಂಬಲ್ಲಿಗೆ ತಂದರೆ ಅರ್ಧ ಕೆಲಸ ಮುಗಿಯಿತು.

ಎರಡನೆಯದಾಗಿ, ಕ್ಷೇತ್ರವನ್ನು ಕಿರಿದು ಮಾಡಬೇಕು. ಎಂಟು ಪ್ಲಗ್-ಇನ್‌ಗಳಲ್ಲಿ ಯಾವುದೋ ಒಂದು ಅಪರಾಧಿ ಎನ್ನಿ. ನಾಲ್ಕನ್ನು ತೆಗೆದು ನೋಡಿ. ದೋಷ ಉಳಿದ ಗುಂಪಿನಲ್ಲಿ ಎರಡನ್ನು, ಆಮೇಲೆ ಒಂದನ್ನು. ಮೂರೇ ಪರೀಕ್ಷೆಗಳಲ್ಲಿ ಉತ್ತರ ಸಿಗುತ್ತದೆ. ಬಳಿಕ ಆ ಪ್ಲಗ್-ಇನ್ ಒಂದನ್ನೇ ಹೊರತೆಗೆದು ಪರೀಕ್ಷಿಸಬೇಕು. ಲ್ಯಾಡ್‌ಸ್ಪಾ ಜೊತೆಯಲ್ಲೇ ಇದಕ್ಕಾಗಿ ಚಿಕ್ಕ ಸಾಧನಗಳು ಬರುತ್ತವೆ. ಧ್ವನಿಯ ಕಡತವೊಂದನ್ನು ಪ್ಲಗ್-ಇನ್ ಮೂಲಕ ನೇರವಾಗಿ ಹಾಯಿಸಿ, ಹೊರಬಂದದ್ದನ್ನು ನೋಡಬಹುದು. ಒಂದೇ ಒಂದು 1, ಅದರ ಹಿಂದೆ ಬರಿಯ ಸೊನ್ನೆಗಳು: ಇದಕ್ಕಿಂತ ಒಳ್ಳೆಯ ಪರೀಕ್ಷಾ ಧ್ವನಿ ಇಲ್ಲ.

ಮೂರನೆಯದಾಗಿ, ಊಹೆ ಮಾಡಬೇಕು, ಆ ಊಹೆ ತಪ್ಪೆಂದು ತೋರಿಸಬಲ್ಲ ಪ್ರಯೋಗವನ್ನೂ ಮಾಡಬೇಕು. ಡಿನಾರ್ಮಲ್‌ಗಳೇ ಕಾರಣ ಎಂಬುದು ನಿಜವಾದರೆ, ಗುಣಕವನ್ನು ಬದಲಿಸಿದಾಗ ತೊಂದರೆ ಶುರುವಾಗುವ ಹೊತ್ತೂ ಬದಲಾಗಬೇಕು. ನಮ್ಮ ಉದಾಹರಣೆಯಲ್ಲಿ ಗುಣಕ 0.5 ಆದರೆ ಸುಮಾರು 4 ಸೆಕೆಂಡು, 0.84 ಆದರೆ 15, 0.95 ಆದರೆ 51. ಪ್ರತಿ ಕಂತಿಗೂ ಹಿಡಿದ ಸಮಯವನ್ನು ಅಳೆದು ನಕ್ಷೆ ಬರೆಯಿರಿ. ಅಂಕಿಗಳು ಹೊಂದಿಬಂದರೆ ಊಹೆಗೆ ಬಲ ಬಂತು. ನಿಶ್ಶಬ್ದದ ಜಾಗದಲ್ಲಿ ಕಿವಿಗೆ ಕೇಳಿಸದಷ್ಟು ಸಣ್ಣ ಗೊರಲು ಸದ್ದನ್ನು ಸೇರಿಸಿ ನೋಡಿ, ತೊಂದರೆ ಮಾಯವಾಗಬೇಕು. ನೆನಪಿಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಿಮ್ಮ ಭೌತಶಾಸ್ತ್ರದ ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ.

ಇಲ್ಲೊಂದು ಎಚ್ಚರಿಕೆ. ಇದೇ ಪ್ಲಗ್-ಇನ್ ಒಂದು ತಂತ್ರಾಂಶದಲ್ಲಿ ತೊಂದರೆ ಕೊಟ್ಟು ಇನ್ನೊಂದರಲ್ಲಿ ಸುಮ್ಮನಿದ್ದರೆ, ಮೊದಲನೆಯದೇ ಕೆಟ್ಟದ್ದೆಂದು ಅವಸರದಿಂದ ತೀರ್ಮಾನಿಸಬೇಡಿ. ಡಿನಾರ್ಮಲ್‌ಗಳನ್ನು ಕಂಡಕೂಡಲೇ ಸೊನ್ನೆ ಮಾಡುವ ಸೌಲಭ್ಯ ಪ್ರೊಸೆಸರ್‌ಗಳಲ್ಲೇ ಇದೆ. ಎರಡನೆಯ ತಂತ್ರಾಂಶ ಅದನ್ನು ಮೊದಲೇ ಚಾಲೂ ಮಾಡಿರಬಹುದು. ಆಗ ದೋಷ ಇಲ್ಲವಾಗಿಲ್ಲ, ಮುಚ್ಚಿಹೋಗಿದೆ. ಆರ್ಡೋರ್ ಎಂಬ ಮುಕ್ತ ತಂತ್ರಾಂಶ ಈ ಆಯ್ಕೆಯನ್ನು ಬಳಕೆದಾರರ ಮುಂದೆಯೇ ಇಟ್ಟಿದೆ.

ಇನ್ನು ಪರಿಹಾರ. ಫ್ರೀವರ್ಬ್‌ನ ಆಕರ ಬರವಣಿಗೆಯನ್ನು ತೆರೆದರೆ ಅಲ್ಲಿ ಇದಕ್ಕಾಗಿಯೇ ಒಂದು ಪುಟ್ಟ ಕಡತವಿದೆ. ಸಂಖ್ಯೆ ಡಿನಾರ್ಮಲ್ ಆಗಿದೆಯೇ ನೋಡು, ಆಗಿದ್ದರೆ ಸೊನ್ನೆ ಮಾಡು, ಇಷ್ಟೇ ಅದರ ಕೆಲಸ. ಬೇರೆ ಕೆಲವರು ಕಿವಿಗೆ ಕೇಳದಷ್ಟು ಸಣ್ಣ ಸ್ಥಿರಸಂಖ್ಯೆಯೊಂದನ್ನು ಸುತ್ತಿಗೆ ಸೇರಿಸುತ್ತಾರೆ. ಪರಿಹಾರ ಕೆಲಸ ಮಾಡಿತೆಂದು ಕಂಡಮೇಲೆ ಅದನ್ನು ಒಮ್ಮೆ ತೆಗೆದು ನೋಡಿ. ದೋಷ ಮರಳಿ ಬರಬೇಕು. ಬರದಿದ್ದರೆ ನೀವು ಸರಿಪಡಿಸಿದ್ದು ಅದನ್ನಲ್ಲ.

ಗಮನಿಸಿ, ಇಲ್ಲಿ ಯಾರೂ ತಪ್ಪು ಗಣಿತ ಮಾಡಿರಲಿಲ್ಲ. ಕಹಾನರ ನಿಯಮ ಸರಿ. ಶ್ರೋಡರ್ ಅವರ ವಿಧಾನ ಸರಿ. ಪ್ರೊಸೆಸರ್ ಕೊಟ್ಟ ಉತ್ತರವೂ ಸರಿ. ಮೂರು ಸರಿಗಳು ಒಂದು ಗಡುವಿನೊಳಗೆ ಕೂಡಿದಾಗ ತೊಂದರೆ ಹುಟ್ಟಿತು. ಆದ್ದರಿಂದ ದೋಷಶೋಧಕನು 'ಯಾರ ತಪ್ಪು?' ಎಂದು ಕೇಳುವುದಕ್ಕಿಂತ 'ಏನು ನಡೆಯುತ್ತಿದೆ?' ಎಂದು ಕೇಳಬೇಕು. ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮುಚ್ಚಳ ತೆರೆದು ನೋಡುವ ಅವಕಾಶವಿರಬೇಕು. ಮುಕ್ತ ತಂತ್ರಾಂಶದ ಬೆಲೆ ಇರುವುದು ಅದು ಪುಕ್ಕಟೆ ಎಂಬುದರಲ್ಲಿ ಅಲ್ಲ, ಈ ಅವಕಾಶದಲ್ಲಿ.

ನೀವೂ ಇಂದೇ ಆರಂಭಿಸಬಹುದು. ಅಡಾಸಿಟಿಯ ಹಲವು ಪ್ಲಗ್-ಇನ್‌ಗಳು ಡ್ಯಾನೆನ್‌ಬರ್ಗ್ ಅವರೇ ರೂಪಿಸಿದ ನೈಕ್ವಿಸ್ಟ್ ಎಂಬ ಭಾಷೆಯಲ್ಲಿವೆ. ಅವು ಬರಿಯ ಪಠ್ಯ ಕಡತಗಳು. ಯಾವುದೇ ಸಾಮಾನ್ಯ ಬರಹದ ತಂತ್ರಾಂಶದಲ್ಲಿ ತೆರೆಯುತ್ತವೆ. ಒಂದರ ನಕಲು ಮಾಡಿಕೊಳ್ಳಿ. ಅದರಲ್ಲಿ ಒಂದು ಆದೇಶದ ಹೆಸರನ್ನು ಬೇಕೆಂದೇ ತಪ್ಪಾಗಿ ಬರೆದು, 'ಡೀಬಗ್' ಎಂಬ ಗುಂಡಿ ಇದ್ದರೆ ಅದನ್ನು ಒತ್ತಿ ಓಡಿಸಿ. ಯಂತ್ರ ಏನು ಹೇಳುತ್ತದೆಂದು ಓದಿ. ದೋಷಸಂದೇಶವನ್ನು ಹೆದರದೆ ಓದುವುದೇ ಮೊದಲ ಪಾಠ.

ನಿಜವಾದ ದೋಷವೊಂದು ಸಿಕ್ಕರೆ ಅದನ್ನು ಬರೆದು ಕಳುಹಿಸಿ. ತಂತ್ರಾಂಶದ ಆವೃತ್ತಿ ಯಾವುದು, ಸೆಕೆಂಡಿಗೆ ಎಷ್ಟು ಸಂಖ್ಯೆಗಳು, ನೀವು ಇಟ್ಟ ಹೆಜ್ಜೆಗಳೇನು, ಆಗಬೇಕಾದ್ದೇನು, ಆದದ್ದೇನು. ಇಷ್ಟು ಸ್ಪಷ್ಟವಾಗಿದ್ದರೆ ಸಾಕು. ನೀವು ಒಂದೇ ಒಂದು ಸಾಲು ತಿದ್ದದಿದ್ದರೂ ನಿಮ್ಮ ಪತ್ರವೇ ತಿದ್ದುಪಡಿಗೆ ದಾರಿ ತೋರಬಹುದು. ಆ ತಿದ್ದುಪಡಿಯ ಫಲ ಎಲ್ಲೋ ದೂರದ ಊರಿನಲ್ಲಿ ತನ್ನ ಅಜ್ಜಿಯ ಹಾಡನ್ನು ಮುದ್ರಿಸುತ್ತಿರುವ, ನಿಮಗೆ ಪರಿಚಯವೇ ಇಲ್ಲದ ಮತ್ತೊಬ್ಬ ವಿದ್ಯಾರ್ಥಿಗೂ ಸಿಗುತ್ತದೆ.